ಫ್ರಾಂಚೆಸ್ಕೊ: ಒಂದು ಹೆಸರಿನ ಚರಿತ್ರೆ

ಕನ್ನಡ ವ್ಯಾಕರಣದ ಪಾಠದಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುವ ಕ್ರಮವು ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದುದು. ನದಿ, ಪರ್ವತ, ಮನುಷ್ಯ ಎಂಬಂತೆ ರೂಢಿಯಿಂದ ಬಂದವು ರೂಢನಾಮಗಳು. ವ್ಯವಹಾರದಲ್ಲಿ ಗುರುತಿಗಾಗಿ ಇಟ್ಟುಕೊಂಡವು ಅಂಕಿತನಾಮಗಳು. ಗುಣ, ವೃತ್ತಿ, ಸ್ವಭಾವಗಳಿಗೆ ಅನುಗುಣವಾಗಿ ಹುಟ್ಟಿದವು ಅನ್ವರ್ಥನಾಮಗಳು. ಅಂಕಿತನಾಮವು ಕೇವಲ ಗುರುತಾದುದರಿಂದ ಅದರ ಅರ್ಥವು ಹೆಸರು ಹೊತ್ತವನಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯು ಈ ಸತ್ಯವನ್ನೇ ನಗುತ್ತ ಹೇಳುತ್ತದೆ. ಅಂಕಿತನಾಮವು ಅನ್ವರ್ಥವಾಗಬೇಕಾದರೆ ಅದನ್ನು ಧರಿಸಿದವನ ಬಾಳೇ ಅದಕ್ಕೆ ಅರ್ಥವನ್ನು ತುಂಬಬೇಕು. ಈ ಮಾತಿಗೆ ಇಟಲಿ ದೇಶದ ‘ಫ್ರಾಂಚೆಸ್ಕೊ’ ಎಂಬ ಪುರುಷನಾಮದ ಚರಿತ್ರೆಯು ಒಂದು ಒಳ್ಳೆಯ ನಿದರ್ಶನವಾಗಿದೆ.

ಈ ಹೆಸರಿನ ಮೂಲವು ಒಂದು ಜನಾಂಗದ ಹೆಸರಿನಲ್ಲಿದೆ. ರೋಮನ್ ಸಾಮ್ರಾಜ್ಯವು ಕುಸಿಯುತ್ತಿದ್ದ ಕಾಲದಲ್ಲಿ ಫ್ರಾಂಕರೆಂಬ ಜರ್ಮಾನಿಕ್ ಜನರು ಗಾಲ್ ಪ್ರಾಂತವನ್ನು ಗೆದ್ದು ಅಲ್ಲಿ ನೆಲೆಯೂರಿದರು. ಅವರಿಂದಲೇ ಆ ನಾಡಿಗೆ ಫ್ರಾನ್ಸ್ ಎಂಬ ಹೆಸರು ಬಂದಿತು. ಆಳುವ ಜನರಾದ ಫ್ರಾಂಕರಿಗೆ ಪೂರ್ಣ ಸ್ವಾತಂತ್ರ್ಯವಿದ್ದುದರಿಂದ ‘ಫ್ರಾಂಕ್’ ಎಂಬ ಪದಕ್ಕೆ ಸ್ವತಂತ್ರನೆಂಬ ಅರ್ಥವೂ, ಮುಂದೆ ಮುಚ್ಚುಮರೆಯಿಲ್ಲದವನೆಂಬ ಅರ್ಥವೂ ಕೂಡಿಕೊಂಡಿತು. ‘ಫ್ರಾಂಕರಿಗೆ ಸಂಬಂಧಿಸಿದ’ ಎಂಬರ್ಥದ ಲ್ಯಾಟಿನ್ ರೂಪ ‘ಫ್ರಾಂಚಿಸ್ಕುಸ್’. ಅದರ ಇಟಾಲಿಯನ್ ರೂಪವೇ ‘ಫ್ರಾಂಚೆಸ್ಕೊ’. ಹನ್ನೆರಡನೆಯ ಶತಮಾನದ ಇಟಲಿಯಲ್ಲಿ ಈ ಪದಕ್ಕೆ ಇದ್ದ ಅರ್ಥ ‘ಫ್ರೆಂಚನು’ ಎಂದಷ್ಟೇ. ಮನುಷ್ಯರ ಹೆಸರಾಗಿ ಅದು ಆಗ ಅಪರೂಪವಾಗಿದ್ದಿತು.

ಇಂತಹ ಪದವು ಒಂದು ಮಗುವಿನ ಹೆಸರಾದ ಸಂದರ್ಭವು ಗಮನಾರ್ಹವಾದುದು. ಮಧ್ಯ ಇಟಲಿಯ ಉಂಬ್ರಿಯ ಪ್ರಾಂತದಲ್ಲಿ ಬೆಟ್ಟದ ಮಗ್ಗುಲಿಗೆ ಅಸ್ಸೀಸಿ ಎಂಬ ಊರಿದೆ. ಅಲ್ಲಿ ಪಿಯೆತ್ರೊ ದಿ ಬೆರ್ನಾರ್ದೊನೆ ಎಂಬ ಜವಳಿ ವರ್ತಕನಿದ್ದನು. ಆ ಕಾಲದಲ್ಲಿ ಫ್ರಾನ್ಸಿನ ಜಾತ್ರೆಗಳು ಯೂರೋಪಿನ ಬಟ್ಟೆ ವ್ಯಾಪಾರದ ದೊಡ್ಡ ಕೇಂದ್ರಗಳಾಗಿದ್ದವು. ಪಿಯೆತ್ರೊನ ವ್ಯಾಪಾರದ ನಂಟೂ ಆ ದೇಶದೊಡನೆ ಬೆಳೆದಿದ್ದಿತು. 1181 ಅಥವಾ 1182ರಲ್ಲಿ ಆತನು ಫ್ರಾನ್ಸಿನಲ್ಲಿದ್ದಾಗ ಊರಿನಲ್ಲಿ ಮಗನು ಹುಟ್ಟಿದನು. ತಾಯಿಯು ಮಗುವಿಗೆ ಜೊವಾನ್ನಿ ಎಂದು ನಾಮಕರಣ ಮಾಡಿಸಿದಳು. ವ್ಯಾಪಾರ ಮುಗಿಸಿ ಹಿಂದಿರುಗಿದ ತಂದೆಯು ಮಗನನ್ನು ‘ಫ್ರಾಂಚೆಸ್ಕೊ’ ಎಂದು ಕರೆದನೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ತನಗೆ ಸಂಪತ್ತನ್ನು ತಂದ ದೇಶದ ಮೇಲಣ ಅಭಿಮಾನವು ಆ ಹೆಸರಿನಲ್ಲಿ ಅಡಗಿತ್ತು ಎಂದು ಊಹಿಸುವುದು ಸಹಜವೇ. ಹೀಗೆ ವಿಧಿವತ್ತಾಗಿ ಇಟ್ಟ ಹೆಸರು ಮರೆಯಾಗಿ, ಅಂಗಡಿಯ ಅಭ್ಯುದಯವನ್ನು ನೆನಪಿಸುವ ಅಡ್ಡಹೆಸರೇ ಉಳಿಯಿತು.

ಮಗನು ಈ ಹೆಸರಿಗೆ ತಂದೆಯು ಎಣಿಸದಿದ್ದ ಅರ್ಥವನ್ನು ಕೊಟ್ಟನು. ತಾರುಣ್ಯದಲ್ಲಿ ಆತನು ಅಂದದ ಉಡುಪು, ಗೆಳೆಯರ ಕೂಟ, ಹಾಡು ಇವುಗಳಲ್ಲಿ ಕಾಲ ಕಳೆದನು. 1202ರಲ್ಲಿ ನೆರೆಯ ಪೆರೂಜಿಯ ನಗರದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಬಂದಿಯಾಗಿದ್ದನು. ಅನಂತರ ಆತನ ಮನಸ್ಸು ಬೇರೆಯ ದಾರಿ ಹಿಡಿಯಿತು. ಊರ ಹೊರಗೆ ಪಾಳುಬಿದ್ದಿದ್ದ ಸಾನ್ ದಾಮಿಯಾನೊ ಎಂಬ ಗುಡಿಯನ್ನು ದುರಸ್ತಿ ಮಾಡಿಸಲೆಂದು ತಂದೆಯ ಅಂಗಡಿಯ ಬಟ್ಟೆಗಳನ್ನು ಒಯ್ದು, ಅವುಗಳನ್ನೂ ತಾನು ಏರಿಹೋದ ಕುದುರೆಯನ್ನೂ ಫೊಲೀಞೊ ಪಟ್ಟಣದಲ್ಲಿ ಮಾರಿದನು. ತಂದೆಯು ಕೆರಳಿ ಮಗನ ಮೇಲೆ ಬಿಷಪ್ಪನ ಮುಂದೆ ದೂರು ಕೊಟ್ಟನು. 1206ರ ಸುಮಾರಿಗೆ ನಡೆದ ಆ ವಿಚಾರಣೆಯಲ್ಲಿ ಫ್ರಾಂಚೆಸ್ಕೊ ಹಣವನ್ನು ಮಾತ್ರವಲ್ಲದೆ ಮೈಮೇಲಿನ ಬಟ್ಟೆಗಳನ್ನೂ ಕಳಚಿ ತಂದೆಯ ಮುಂದಿಟ್ಟನು. ಜವಳಿ ವರ್ತಕನ ಮಗನು ಹಿಂದಿರುಗಿಸಬಹುದಾಗಿದ್ದ ವಸ್ತುಗಳಲ್ಲಿ ಬಟ್ಟೆಯೇ ಮುಖ್ಯವಾದುದು. ತಂದೆ ಕೊಟ್ಟಿದ್ದ ಹೆಸರನ್ನು ಮಾತ್ರ ಆತನು ತನ್ನಲ್ಲಿಯೇ ಉಳಿಸಿಕೊಂಡನು.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಹೆಸರಿನ ಅರ್ಥವೇ ಬದಲಾಯಿತು. ಕುಷ್ಠರೋಗಿಗಳ ಶುಶ್ರೂಷೆ, ಕೈಕೆಲಸ, ಭಿಕ್ಷಾವೃತ್ತಿ, ಸ್ವಂತ ಆಸ್ತಿಯ ಸಂಪೂರ್ಣ ತ್ಯಾಗ ಇವುಗಳನ್ನು ವ್ರತವಾಗಿ ಹಿಡಿದ ಆತನ ಸುತ್ತ ಸಹಚರರು ಕೂಡಿದರು. 1209ರ ಸುಮಾರಿಗೆ ಪೋಪ್ ಮೂರನೆಯ ಇನ್ನೊಸೆಂಟ್ ಈ ಸಂಘಕ್ಕೆ ಬಾಯಿಮಾತಿನ ಸಮ್ಮತಿಯನ್ನೂ, 1223ರಲ್ಲಿ ಪೋಪ್ ಮೂರನೆಯ ಹೊನೋರಿಯಸ್ ಅದರ ನಿಯಮಾವಳಿಗೆ ಲಿಖಿತ ಒಪ್ಪಿಗೆಯನ್ನೂ ಕೊಟ್ಟರು. 1219ರಲ್ಲಿ ಧರ್ಮಯುದ್ಧವು ಈಜಿಪ್ಟಿನ ದಮಿಯೆಟ್ಟಾದಲ್ಲಿ ನಡೆಯುತ್ತಿದ್ದಾಗ ಫ್ರಾಂಚೆಸ್ಕೊ ನಿರಾಯುಧನಾಗಿ ಶತ್ರುಪಾಳೆಯಕ್ಕೆ ಹೋಗಿ ಸುಲ್ತಾನ ಅಲ್ ಕಾಮಿಲನನ್ನು ಕಂಡನು. ಸುಲ್ತಾನನು ಆತನ ಮಾತನ್ನು ಆಲಿಸಿ ಸುರಕ್ಷಿತವಾಗಿ ಹಿಂದೆ ಕಳುಹಿಸಿದನು. ಜೀವನದ ಕೊನೆಯ ಭಾಗದಲ್ಲಿ, ಕಣ್ಣುಬೇನೆಯಿಂದ ಬಳಲುತ್ತ, ಸೂರ್ಯ, ಚಂದ್ರ, ಗಾಳಿ, ನೀರುಗಳನ್ನು ಅಣ್ಣತಮ್ಮ ಅಕ್ಕತಂಗಿಯರೆಂದು ಕರೆಯುವ ಒಂದು ಸ್ತುತಿಗೀತೆಯನ್ನು ರಚಿಸಿದನು. ವಿದ್ವಾಂಸರ ಲ್ಯಾಟಿನ್ನನ್ನು ಬಿಟ್ಟು ಉಂಬ್ರಿಯದ ಆಡುಮಾತಿನಲ್ಲಿ ರಚಿತವಾದ ಆ ಗೀತೆಯನ್ನು ಇಟಾಲಿಯನ್ ಸಾಹಿತ್ಯದ ಮೊದಮೊದಲ ಕೃತಿಗಳಲ್ಲಿ ಒಂದೆಂದು ಗಣಿಸಲಾಗಿದೆ. 1226ರ ಅಕ್ಟೋಬರ್ 3ರ ಸಂಜೆ ಆತನು ತೀರಿಕೊಂಡನು. ಎರಡು ವರ್ಷವೂ ತುಂಬುವ ಮೊದಲೇ ಆತನನ್ನು ಸಂತನೆಂದು ಘೋಷಿಸಲಾಯಿತು.

ಆ ಬಳಿಕ ಇಟಲಿಯ ಮನೆಮನೆಗಳಲ್ಲಿ ಮಕ್ಕಳಿಗೆ ಫ್ರಾಂಚೆಸ್ಕೊ ಎಂದು ಹೆಸರಿಡುವ ರೂಢಿ ಬೆಳೆಯಿತು. ಚೆಕ್ಕೊ, ಕೆಕ್ಕೊ, ಫ್ರಾಂಕೊ, ದಕ್ಷಿಣದ ಕಡೆ ಚಿಚ್ಚೊ ಎಂಬ ಮುದ್ದಿನ ಹೆಸರುಗಳೂ, ಫ್ರಾಂಚೆಸ್ಕ ಎಂಬ ಸ್ತ್ರೀರೂಪವೂ ಬಳಕೆಗೆ ಬಂದವು. ಫ್ರಾನ್ಸಿನಲ್ಲಿ ಫ್ರಾನ್ಸ್ವಾ, ಸ್ಪೇನಿನಲ್ಲಿ ಫ್ರಾನ್ಸಿಸ್ಕೊ, ಜರ್ಮನ್ ನಾಡುಗಳಲ್ಲಿ ಫ್ರಾಂಟ್ಸ್, ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಎಂದು ಅದು ರೂಪಾಂತರ ಪಡೆಯಿತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ದಕ್ಷಿಣ ಇಟಲಿಯಲ್ಲಿ ಬಲವಾಗಿದ್ದುದರಿಂದ ಒಮ್ಮೆ ಮನೆತನದೊಳಗೆ ಬಂದ ಹೆಸರು ತಲೆಮಾರುಗಳವರೆಗೆ ಉಳಿಯುತ್ತಿತ್ತು. ಹೆಸರು ಹೀಗೆ ಸುಲಭವಾಗಿ ದೊರೆತರೂ ಅದರೊಳಗಿನ ಅರ್ಥವು ಸುಲಭವಾಗಿ ದೊರೆಯುವಂತಹುದಲ್ಲ. ಅದನ್ನು ಹೊತ್ತ ಕೆಲವರ ಬಾಳನ್ನು ಪರಿಶೀಲಿಸಿದರೆ ಈ ಅಂಶವು ಸ್ಪಷ್ಟವಾಗುತ್ತದೆ.

ಮೊದಲನೆಯವನು ಮಹಾಕವಿ ಫ್ರಾಂಚೆಸ್ಕೊ ಪೆಟ್ರಾರ್ಕ. ಫ್ಲಾರೆನ್ಸ್ ನಗರದಿಂದ ಗಡೀಪಾರಾಗಿದ್ದ ಒಬ್ಬ ದಸ್ತಾವೇಜು ಬರಹಗಾರನ ಮಗನಾಗಿ ಆತನು 1304ರಲ್ಲಿ ಅರೆತ್ಸೊ ಪಟ್ಟಣದಲ್ಲಿ ಜನಿಸಿದನು. ಮಗನು ನ್ಯಾಯಶಾಸ್ತ್ರವನ್ನು ಓದಿ ಸಂಪಾದಿಸಬೇಕೆಂಬುದು ತಂದೆಯ ಆಸೆ. ಹುಡುಗನ ಒಲವಾದರೋ ಪ್ರಾಚೀನ ಲ್ಯಾಟಿನ್ ಕಾವ್ಯದ ಕಡೆಗಿತ್ತು. ಬಚ್ಚಿಟ್ಟಿದ್ದ ಕಾವ್ಯಗ್ರಂಥಗಳನ್ನು ತಂದೆಯು ಹುಡುಕಿ ತೆಗೆದು ಬೆಂಕಿಗೆ ಹಾಕಿದನೆಂದೂ, ಮಗನು ಬಿಕ್ಕಿಬಿಕ್ಕಿ ಅಳುವುದನ್ನು ಕಂಡು ವರ್ಜಿಲ್ ಮತ್ತು ಸಿಸೆರೊ ಇವರ ಒಂದೊಂದು ಗ್ರಂಥವನ್ನು ಉರಿಯಿಂದ ಎಳೆದುಕೊಟ್ಟನೆಂದೂ ಪೆಟ್ರಾರ್ಕನೇ ಮುಪ್ಪಿನಲ್ಲಿ ಬರೆದಿದ್ದಾನೆ. ತಂದೆಯ ಮರಣಾನಂತರ ಆತನು ನ್ಯಾಯಶಾಸ್ತ್ರವನ್ನು ತ್ಯಜಿಸಿದನು. 1341ರಲ್ಲಿ ರೋಮ್ ನಗರದಲ್ಲಿ ಆತನಿಗೆ ಕವಿಪಟ್ಟದ ಕಿರೀಟಧಾರಣೆಯಾಯಿತು. 1345ರಲ್ಲಿ ವೆರೊನಾದ ಗ್ರಂಥಭಂಡಾರದಲ್ಲಿ ಸಿಸೆರೊ ತನ್ನ ಗೆಳೆಯ ಆಟಿಕಸ್‌ನಿಗೆ ಬರೆದ ಪತ್ರಗಳನ್ನು ಆತನು ಕಂಡುಹಿಡಿದನು. ಪ್ರಾಚೀನ ವಿದ್ಯೆಯ ಪುನರುಜ್ಜೀವನಕ್ಕೆ ಇಂತಹ ಶೋಧಗಳೇ ನಾಂದಿಯಾದವು. ತನ್ನ ಕೀರ್ತಿಯು ಲ್ಯಾಟಿನ್ ಕೃತಿಗಳಿಂದ ನಿಲ್ಲುವುದೆಂದು ಆತನು ನಂಬಿದ್ದನು. ಆದರೆ ಲೋಕವು ಇಂದಿಗೂ ಆತನನ್ನು ಸ್ಮರಿಸುವುದು ತಾಯ್ನುಡಿಯಲ್ಲಿ ಬರೆದ 366 ಕವಿತೆಗಳ ಸಂಕಲನಕ್ಕಾಗಿ.

ಅದೇ ಶತಮಾನದಲ್ಲಿ ಈ ಹೆಸರು ಮತ್ತೆ ಜವಳಿ ವರ್ತಕನೊಬ್ಬನ ಪಾಲಿಗೆ ಬಂದಿತು. ಫ್ಲಾರೆನ್ಸಿಗೆ ಸಮೀಪದ ಪ್ರಾತೊ ಎಂಬ ಊರಿನ ಫ್ರಾಂಚೆಸ್ಕೊ ದಾತೀನಿ ಬಾಲ್ಯದಲ್ಲಿಯೇ, 1348ರ ಮಹಾಮಾರಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡನು. ಎಳೆಯ ವಯಸ್ಸಿನಲ್ಲಿ ಅವಿಞೋನ್ ನಗರಕ್ಕೆ ಹೋಗಿ ವ್ಯಾಪಾರ ಕಲಿತು, ಮುಂದೆ ಪೀಸಾ, ಜೆನೋವಾ, ಬಾರ್ಸೆಲೋನಾ ಮೊದಲಾದೆಡೆ ಕೋಠಿಗಳನ್ನು ನಡೆಸಿದನು. ಅವನ ಲೆಕ್ಕದ ಪುಸ್ತಕಗಳ ಮೊದಲಲ್ಲಿ ದೇವರ ಹೆಸರಿನ ಜೊತೆಗೇ ಲಾಭದ ಹೆಸರನ್ನೂ ಬರೆಯುವ ವಾಡಿಕೆಯಿತ್ತು. ಇಂತಹ ಅಪ್ಪಟ ವ್ಯಾಪಾರಿಯು 1410ರಲ್ಲಿ ಮರಣಹೊಂದಿದಾಗ ತನ್ನ ಸಂಪತ್ತಿನ ಬಹುಭಾಗವನ್ನು ಪ್ರಾತೊ ನಗರದ ಬಡವರಿಗಾಗಿ ಬರೆದಿಟ್ಟಿದ್ದನು. ಫ್ಲಾರೆನ್ಸ್ ನಗರದಲ್ಲಿ ಅನಾಥ ಶಿಶುಗಳಿಗೆ ಒಂದು ಆಶ್ರಯ ಕಟ್ಟಿಸಲೆಂದು 1000 ಫ್ಲಾರಿನ್ ನಾಣ್ಯಗಳನ್ನು ಪ್ರತ್ಯೇಕವಾಗಿ ಇಟ್ಟಿದ್ದನು. 1419ರಲ್ಲಿ ಬ್ರುನೆಲ್ಲೆಸ್ಕಿಯೆಂಬ ಶಿಲ್ಪಾಚಾರ್ಯನ ವಿನ್ಯಾಸದಂತೆ ಅದರ ಕಟ್ಟಡವು ಆರಂಭವಾಯಿತು. 1445ರಲ್ಲಿ ಮೊದಲ ಶಿಶುವನ್ನು ಅಲ್ಲಿ ಸ್ವೀಕರಿಸಲಾಯಿತು. ದಾನಿಯು ಕಣ್ಣುಮುಚ್ಚಿ ಆಗಲೇ ಸುಮಾರು 35 ವರ್ಷಗಳು ಸಂದಿದ್ದವು. 1988ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಮಕ್ಕಳ ನಿಧಿಯು ತನ್ನ ಸಂಶೋಧನ ಕೇಂದ್ರವನ್ನು ತೆರೆಯಲು ಆರಿಸಿಕೊಂಡುದೂ ಈ ಸಂಸ್ಥೆಯನ್ನೇ. ದಾತೀನಿಯ ಮನೆಯಲ್ಲಿ ದೊರೆತ ಸುಮಾರು 1,50,000 ಪತ್ರಗಳು ಮಧ್ಯಯುಗದ ವಾಣಿಜ್ಯವನ್ನು ಕುರಿತ ಅಮೂಲ್ಯ ಆಕರಗಳಾಗಿವೆ. ಅಸ್ಸೀಸಿಯವನು ಬಟ್ಟೆಯನ್ನು ಕಳಚಿಟ್ಟು ಈ ಹೆಸರಿಗೆ ಅರ್ಥ ಕೊಟ್ಟನು. ಪ್ರಾತೊದವನು ಜೀವಮಾನವಿಡೀ ಬಟ್ಟೆಯನ್ನು ಮಾರಿ, ಗಳಿಸಿದುದನ್ನು ಬಿಟ್ಟುಕೊಟ್ಟು ಅರ್ಥ ಕೊಟ್ಟನು. ದಾರಿ ಎರಡಾದರೂ ಎರಡರ ಕೊನೆಗೂ ನಿಂತಿರುವವನು ಬಡವನೇ.

ಹದಿನೇಳನೆಯ ಶತಮಾನದಲ್ಲಿ ಈ ಹೆಸರು ವಿಜ್ಞಾನದ ಕ್ಷೇತ್ರವನ್ನು ಪ್ರವೇಶಿಸಿತು. ಬೊಲೊಞದ ಫ್ರಾಂಚೆಸ್ಕೊ ಮರಿಯ ಗ್ರಿಮಾಲ್ದಿ (1618–1663) ಕತ್ತಲೆಯ ಕೋಣೆಯೊಳಗೆ ಸಣ್ಣ ರಂಧ್ರದಿಂದ ಬೆಳಕನ್ನು ಹಾಯಿಸಿ, ಅದರ ಹಾದಿಯಲ್ಲಿ ಇಟ್ಟ ವಸ್ತುವಿನ ನೆರಳು ಎಣಿಸಿದುದಕ್ಕಿಂತ ಅಗಲವಾಗಿರುವುದನ್ನೂ, ಅಂಚಿನಲ್ಲಿ ಬಣ್ಣದ ಪಟ್ಟಿಗಳು ಮೂಡುವುದನ್ನೂ ಗಮನಿಸಿದನು. ಬೆಳಕಿನ ವಿವರ್ತನೆಯೆಂದು ಶಾಲೆಗಳಲ್ಲಿ ಬೋಧಿಸುವ ತತ್ತ್ವಕ್ಕೆ ಇದೇ ಬುನಾದಿ. ಆತನ ಗ್ರಂಥವು ಅಚ್ಚಾದುದು ಮರಣಾನಂತರ, 1665ರಲ್ಲಿ. ಚಂದ್ರನ ಮೇಲಣ ಒಂದು ದೊಡ್ಡ ಕುಳಿಯು ಈಗ ಗ್ರಿಮಾಲ್ದಿಯ ಹೆಸರನ್ನು ಹೊತ್ತಿದೆ.

ಆತನ ಸಮಕಾಲೀನನಾದ ಫ್ರಾಂಚೆಸ್ಕೊ ರೆದಿ (1626–1697) ಪೆಟ್ರಾರ್ಕನು ಹುಟ್ಟಿದ ಅರೆತ್ಸೊ ಪಟ್ಟಣದವನೇ. ತಸ್ಕನಿಯ ಅರಸರ ವೈದ್ಯನಾಗಿದ್ದ ಆತನು ಕವಿಯೂ ಹೌದು. ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆಂದು ಎರಡು ಸಾವಿರ ವರ್ಷಗಳಿಂದ ಪಂಡಿತರು ನಂಬಿದ್ದರು. ರೆದಿಯು ಮಾಂಸವನ್ನು ಕೆಲವು ಪಾತ್ರೆಗಳಲ್ಲಿ ತೆರೆದಿಟ್ಟನು. ಕೆಲವನ್ನು ಭದ್ರವಾಗಿ ಮುಚ್ಚಿದನು. ಇನ್ನು ಕೆಲವಕ್ಕೆ ಗಾಳಿಯಾಡುವಂತಹ ತೆಳುವಾದ ಬಟ್ಟೆಯನ್ನು ಬಿಗಿದನು. ನೊಣಗಳು ಕುಳಿತ ತೆರೆದ ಪಾತ್ರೆಗಳ ಮಾಂಸದಲ್ಲಿ ಮಾತ್ರ ಹುಳುಗಳಾದವು. ಗಾಳಿ ತಾಗಿದರೂ ನೊಣ ತಾಗದಿದ್ದ ಮಾಂಸದಲ್ಲಿ ಹುಳು ಹುಟ್ಟಲಿಲ್ಲ. 1668ರಲ್ಲಿ ಪ್ರಕಟವಾದ ಈ ಪ್ರಯೋಗವು, ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದೆಲ್ಲವನ್ನೂ ಸಮವಾಗಿಡುವ ಕ್ರಮಕ್ಕೆ ಮಾದರಿಯಾಗಿ ಇಂದಿಗೂ ಜೀವಶಾಸ್ತ್ರದ ಪಠ್ಯಗಳಲ್ಲಿ ಉಳಿದಿದೆ. ಹೀಗಿದ್ದರೂ ಗಿಡಗಳ ಗಂಟುಗಳೊಳಗಿನ ಹುಳುಗಳು ಗಿಡದಿಂದಲೇ ಹುಟ್ಟುತ್ತವೆಂದು ಸ್ವತಃ ರೆದಿಯೇ ನಂಬಿದ್ದನು. ಅದನ್ನು ತಿದ್ದುವ ಕೆಲಸವು ಮುಂದಿನವರಿಗೆ ಉಳಿಯಿತು.

ಹೆಸರು ಒಂದೇ ಆದಮಾತ್ರಕ್ಕೆ ನಡೆ ಒಂದೇ ಆಗದೆಂಬುದಕ್ಕೂ ಉದಾಹರಣೆಗಳಿವೆ. ಫ್ರಾಂಚೆಸ್ಕೊ ಸ್ಫೋರ್ತ್ಸಾ (1401–1466) ಹಣಕ್ಕಾಗಿ ಕಾದುವ ಪಡೆಗಳ ನಾಯಕನಾಗಿದ್ದು, ಹಸಿವಿನಿಂದ ಕಂಗೆಟ್ಟ ಮಿಲಾನ್ ನಗರವನ್ನು ಮುತ್ತಿಗೆಯಿಂದ ಮಣಿಸಿ 1450ರಲ್ಲಿ ಅದರ ಡ್ಯೂಕನಾದನು. ಆದರೂ 1456ರಲ್ಲಿ ಅದೇ ನಗರದ ಬಡರೋಗಿಗಳಿಗಾಗಿ ಒಂದು ಮಹಾ ಆಸ್ಪತ್ರೆಯನ್ನು ಸ್ಥಾಪಿಸಿದನು. ಆ ಭವ್ಯ ಕಟ್ಟಡದಲ್ಲಿ ಈಗ ಮಿಲಾನ್ ವಿಶ್ವವಿದ್ಯಾಲಯವಿದೆ. ಸಿಸಿಲಿ ದ್ವೀಪದಲ್ಲಿ ಹುಟ್ಟಿದ ಫ್ರಾಂಚೆಸ್ಕೊ ಕ್ರಿಸ್ಪಿ 1860ರಲ್ಲಿ ಗಾರಿಬಾಲ್ದಿಯೊಡನೆ ಸ್ವಾತಂತ್ರ್ಯಕ್ಕಾಗಿ ಹೋರಾಡಿದವನು. ಪ್ರಧಾನಮಂತ್ರಿಯಾದ ಮೇಲೆ, 1894ರಲ್ಲಿ, ತನ್ನದೇ ದ್ವೀಪದ ಬಡ ರೈತರೂ ಕೂಲಿಕಾರರೂ ನಡೆಸಿದ ಚಳವಳಿಯನ್ನು ಸೈನ್ಯದ ಬಲದಿಂದ ಅಡಗಿಸಿದನು. ಇಥಿಯೋಪಿಯವನ್ನು ಅಧೀನಪಡಿಸಿಕೊಳ್ಳಲು ಹೊರಟ ಅವನ ಸೈನ್ಯವು 1896ರ ಮಾರ್ಚ್ 1ರಂದು ಅಡುವ ಎಂಬಲ್ಲಿ ಸೋತಿತು. ಅದರೊಡನೆ ಅವನ ಅಧಿಕಾರವೂ ಮುಗಿಯಿತು. ಬಡವರ ಬಂಧುವಿನ ಹೆಸರನ್ನು ಹೊತ್ತವನೇ ಬಡವರ ಮೇಲೆ ದಂಡೆತ್ತಿದುದನ್ನು ಆ ಹೆಸರು ತಡೆಯಲಿಲ್ಲ.

ಇದಕ್ಕೆ ಪ್ರತಿಯಾಗಿ ನಿಲ್ಲುವವನು ಅದೇ ಕಾಲದ ಅಧ್ಯಾಪಕ ಫ್ರಾಂಚೆಸ್ಕೊ ದೆ ಸಾಂಕ್ತಿಸ್ (1817–1883). ನೇಪಲ್ಸ್ ನಗರದಲ್ಲಿ ಪಾಠ ಹೇಳುತ್ತಿದ್ದ ಆತನು 1848ರ ಕ್ರಾಂತಿಯಲ್ಲಿ ತನ್ನ ಶಿಷ್ಯರೊಡನೆ ಭಾಗವಹಿಸಿದನು. ಪರಿಣಾಮವಾಗಿ ಕೆಲಸ ಹೋಯಿತು, ಸೆರೆವಾಸ ಬಂದಿತು. ಸಮುದ್ರದ ಅಂಚಿನ ಕೋಟೆಯಲ್ಲಿ ಬಂದಿಯಾಗಿದ್ದ ಅವಧಿಯಲ್ಲಿ ಆತನು ಜರ್ಮನ್ ಭಾಷೆಯನ್ನು ಕಲಿತನು. ಬಿಡುಗಡೆಯ ಬಳಿಕ ತೂರಿನ್ ಮತ್ತು ಜ್ಯೂರಿಕ್ ನಗರಗಳಲ್ಲಿ ಸಾಹಿತ್ಯವನ್ನು ಬೋಧಿಸಿದನು. 1861ರಲ್ಲಿ ಇಟಲಿಯು ಒಂದಾದಾಗ ಶಿಕ್ಷಣ ಸಚಿವನಾದನು. ಆಗ ದೇಶದ ಜನರಲ್ಲಿ ಸುಮಾರು ಮುಕ್ಕಾಲು ಪಾಲಿನವರು ನಿರಕ್ಷರಿಗಳಾಗಿದ್ದರು. 1870–71ರಲ್ಲಿ ಪ್ರಕಟವಾದ ಆತನ ಇಟಾಲಿಯನ್ ಸಾಹಿತ್ಯ ಚರಿತ್ರೆಯು ಅಸ್ಸೀಸಿಯ ಕಾಲದಿಂದ ಮೊದಲುಗೊಂಡು ಒಂದು ಜನಾಂಗದ ಅಂತರಂಗದ ಕಥೆಯನ್ನು ನಿರೂಪಿಸುವ ಮೇರುಕೃತಿ. ಆತನು ಹುಟ್ಟಿದ ಮೊರ್ರಾ ಎಂಬ ಹಳ್ಳಿಯು ಈಗ ಮೊರ್ರಾ ದೆ ಸಾಂಕ್ತಿಸ್ ಎಂದೇ ಕರೆಯಲ್ಪಡುತ್ತದೆ. ಸಾಮಾನ್ಯವಾಗಿ ಮನುಷ್ಯರು ಊರ ಹೆಸರನ್ನು ಹೊರುತ್ತಾರೆ. ಇಲ್ಲಿ ಊರೇ ಮೇಷ್ಟರ ಹೆಸರನ್ನು ಹೊತ್ತಿದೆ.

ಈ ಹೆಸರು ಭಾರತದ ಪಶ್ಚಿಮ ಕರಾವಳಿಯನ್ನೂ ತಲುಪಿದೆ. ನವಾರ್ ದೇಶದಲ್ಲಿ ಹುಟ್ಟಿದ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವೆಗೆ ಬಂದ ಮೇಲೆ, ಕೊಂಕಣಿ ಮಾತನಾಡುವ ಕ್ರೈಸ್ತ ಮನೆತನಗಳಲ್ಲಿ ಇದು ಬಳಕೆಯ ಹೆಸರಾಯಿತು. 1878ರ ಕೊನೆಯಲ್ಲಿ ಇಟಲಿಯಿಂದ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. ಅಲ್ಲಿ ಸೇವೆ ಸಲ್ಲಿಸಿದ ಅವರ ಸಂಘದ ಆಂಜೆಲೊ ಫ್ರಾಂಚೆಸ್ಕೊ ಸವೇರಿಯೊ ಮಫ್ಫೇಯಿ ಅವರು ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು. ಪರಭಾಷೆಯ ಹೆಸರು ಹೊತ್ತು ಬಂದವರು ನೆಲದ ಭಾಷೆಗೆ ಸೇವೆ ಸಲ್ಲಿಸಿದ ನಿದರ್ಶನವಿದು.

ಇಟಲಿಯಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರುಗಳ ಅಧಿಕೃತ ಪಟ್ಟಿಯಲ್ಲಿ ಫ್ರಾಂಚೆಸ್ಕೊ ಹಲವು ವರ್ಷಗಳ ಕಾಲ ಮೊದಲ ಸ್ಥಾನದಲ್ಲಿದ್ದು, 2018ರಲ್ಲಿ ಲಿಯೊನಾರ್ಡೊ ಎಂಬ ಹೆಸರಿಗೆ ಆ ಸ್ಥಾನವನ್ನು ಬಿಟ್ಟುಕೊಟ್ಟಿತು. ಇಷ್ಟು ಜನಪ್ರಿಯವಾದ ಹೆಸರನ್ನು ಎಂಟುನೂರು ವರ್ಷಗಳವರೆಗೆ ಯಾವ ಪೋಪರೂ ಧರಿಸಿರಲಿಲ್ಲವೆಂಬುದು ಆಶ್ಚರ್ಯಕರ. ಪೋಪರಾದವರು ಹೊಸ ಹೆಸರನ್ನು ತಾವೇ ಆರಿಸಿಕೊಳ್ಳುವುದು ವಾಡಿಕೆ. ಅರಮನೆಯಲ್ಲಿ ವಾಸಿಸುವವರಿಗೆ ಬಡತನವನ್ನು ವರಿಸಿದವನ ಹೆಸರು ಭಾರವೆನಿಸಿದ್ದರೂ ಇರಬಹುದು. 2013ರ ಮಾರ್ಚ್ 13ರಂದು ಆಯ್ಕೆಯಾದ ಹೋರ್ಹೆ ಮಾರಿಯೊ ಬೆರ್ಗೋಲ್ಯೊ ಅವರು ಮೊದಲ ಬಾರಿಗೆ ಆ ಹೆಸರನ್ನು ಕೈಗೆತ್ತಿಕೊಂಡರು. ಅವರು ಇಟಲಿಯಿಂದ ಅರ್ಜೆಂಟೀನಕ್ಕೆ ವಲಸೆ ಹೋದ ಕುಟುಂಬದಲ್ಲಿ ಜನಿಸಿದವರು. ಮತಗಳ ಎಣಿಕೆಯ ವೇಳೆ ಪಕ್ಕದಲ್ಲಿದ್ದ ಬ್ರೆಜಿಲಿನ ಕಾರ್ಡಿನಲ್ ಕ್ಲೌದಿಯೊ ಹುಮ್ಮೆಸ್ ಬಡವರನ್ನು ಮರೆಯದಿರುವಂತೆ ಹೇಳಿದ ಮಾತಿನಿಂದಲೇ ಈ ಹೆಸರು ಮನಸ್ಸಿಗೆ ಹೊಳೆಯಿತೆಂದು ಅವರು ಮುಂದೆ ವಿವರಿಸಿದರು. 2015ರಲ್ಲಿ ಭೂಮಿಯ ಸಂರಕ್ಷಣೆಯನ್ನು ಕುರಿತು ಅವರು ಹೊರಡಿಸಿದ ಪತ್ರದ ಶೀರ್ಷಿಕೆಯು ಅಸ್ಸೀಸಿಯ ಸಂತನ ಸ್ತುತಿಗೀತೆಯಿಂದಲೇ ಆಯ್ದುದು. 2025ರ ಏಪ್ರಿಲ್ 21ರಂದು ಅವರು ನಿಧನರಾದರು. ಅವರ ಇಚ್ಛೆಯಂತೆಯೇ ರೋಮಿನ ಒಂದು ಚರ್ಚಿನಲ್ಲಿರುವ ಸರಳವಾದ ಸಮಾಧಿಯ ಕಲ್ಲಿನ ಮೇಲೆ ‘ಫ್ರಾಂಚಿಸ್ಕುಸ್’ ಎಂಬ ಒಂದೇ ಪದವನ್ನು ಕೆತ್ತಲಾಗಿದೆ. ಬಿರುದು ಬಾವಲಿಗಳು ಅಲ್ಲಿಲ್ಲ. ಅದೇ ವರ್ಷ ಇಟಲಿಯ ಸಂಸತ್ತು, ಸಂತನ ಎಂಟುನೂರನೆಯ ಪುಣ್ಯಸ್ಮರಣೆಯ ವರ್ಷವಾದ 2026ರಿಂದ ಅಕ್ಟೋಬರ್ 4ನ್ನು ರಾಷ್ಟ್ರೀಯ ರಜಾದಿನವಾಗಿ ಆಚರಿಸುವ ಕಾನೂನನ್ನು ಅಂಗೀಕರಿಸಿತು.

ಒಬ್ಬ ವರ್ತಕನು ತನ್ನ ವ್ಯಾಪಾರದ ಹೆಮ್ಮೆಯಿಂದ ಮಗನಿಗಿಟ್ಟ ಅಡ್ಡಹೆಸರು ಹೀಗೆ ನಾಡುನಾಡುಗಳನ್ನು ಸುತ್ತಿ ಬಂದಿದೆ. ಅದರ ನಿಘಂಟಿನ ಅರ್ಥವು ಇಂದಿಗೂ ‘ಫ್ರೆಂಚನು’ ಎಂಬುದೇ. ಆದರೆ ಆ ಹೆಸರನ್ನು ಕೇಳಿದವರ ಮನಸ್ಸಿನಲ್ಲಿ ಮೂಡುವುದು ಫ್ರಾನ್ಸಲ್ಲ. ಕಳಚಿಟ್ಟ ಬಟ್ಟೆ, ಉರಿಯಿಂದ ಉಳಿದ ಎರಡು ಗ್ರಂಥಗಳು, ಅನಾಥ ಶಿಶುಗಳ ಮನೆ, ಬಟ್ಟೆ ಬಿಗಿದ ಪಾತ್ರೆ, ಸೆರೆಮನೆಯಲ್ಲಿ ಕಲಿತ ಭಾಷೆ ಇವೇ ಅದರ ನಿಜವಾದ ಅರ್ಥಗಳಾಗಿವೆ. ಇವುಗಳಲ್ಲಿ ಒಂದನ್ನೂ ಹೆಸರಿಟ್ಟವರು ಮುಂಗಂಡಿರಲಿಲ್ಲ. ಮಕ್ಕಳಿಗೆ ಹೆಸರಿಡುವುದು ಹಿರಿಯರ ಹಕ್ಕು, ಅದಕ್ಕೆ ಅರ್ಥ ಕೊಡುವುದು ಮಕ್ಕಳ ಹೊಣೆ. ಪ್ರತಿದಿನ ಬೆಳಗ್ಗೆ ಹಾಜರಿ ಪುಸ್ತಕವನ್ನು ತೆರೆದು ಅಧ್ಯಾಪಕರು ಕೂಗುವ ಹೆಸರುಗಳೆಲ್ಲವೂ ಸದ್ಯಕ್ಕೆ ಅಂಕಿತನಾಮಗಳೇ. ಅವುಗಳಲ್ಲಿ ಯಾವುದು ಅನ್ವರ್ಥವಾಗುವುದೆಂಬುದು ಹಾಜರಿ ಪುಸ್ತಕದಲ್ಲಿ ಬರೆದಿರುವುದಿಲ್ಲ. ಆದುದರಿಂದಲೇ ಪ್ರತಿಯೊಂದು ಹೆಸರನ್ನೂ ಆದರದಿಂದ ಕರೆಯುವುದು ಗುರುವಿನ ಧರ್ಮವಾಗಿದೆ.